ಪರಭಾಷೆಯ ಸಂಗಾತಿಯೂ ಕಿವಿಯ ಪಾಠವೂ

ಪುತ್ತೂರಿನ ಸೋಮವಾರದ ಸಂತೆಯಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತರೆ ಐದಾರು ಭಾಷೆಗಳು ಕಿವಿಗೆ ಬೀಳುವುವು. ತುಳುವಿನ ಮಾತಂತೂ ಹೇಳಬೇಕಾಗಿಯೇ ಇಲ್ಲ. ಅದರೊಡನೆ ಕನ್ನಡ, ಕೊಂಕಣಿ, ಬ್ಯಾರಿ, ಹವ್ಯಕರ ಕನ್ನಡ. ಸುಳ್ಯದ ಕಡೆ ನಡೆದರೆ ಅರೆಭಾಷೆಯೇ ಮನೆಮಾತಾದ ಗ್ರಾಮಗಳು. ಅವುಗಳ ನಡುವೆ, 1964ರ ಭಾರತ–ಸಿಂಹಳ ಒಪ್ಪಂದದ ಫಲವಾಗಿ ಬಂದು ರಬ್ಬರು ತೋಟಗಳಲ್ಲಿ ನೆಲೆಗೊಂಡ ತಮಿಳು ಕುಟುಂಬಗಳು. ಕಡಬದ ಕಡೆಗೆ ತಿರುಗಿದರೆ, ಕೇರಳದಿಂದ ಬಂದು ಗುಡ್ಡಗಳಲ್ಲಿ ರಬ್ಬರು ಬೆಳೆದವರ ಮಲೆಯಾಳ. ಇಲ್ಲಿ ಹುಟ್ಟಿದ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಎರಡು ಮೂರು ಭಾಷೆಗಳನ್ನು ಆಡಬಲ್ಲುದು. ಅದಕ್ಕೆ ಯಾರೂ ಪಾಠ ಹೇಳಿದ್ದಿಲ್ಲ. ಅದು ಯಾವ ವ್ಯಾಕರಣವನ್ನೂ ಓದಿದ್ದಿಲ್ಲ.

ಇದೇ ನೆಲಕ್ಕೆ ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿ ಮದುವೆಯಾಗಿ ಬರುವವರ ಪಾಡೇನು? ಈಗ ಮದುವೆಗಳು ಹೊಳೆ ದಾಟಿ, ಘಟ್ಟ ದಾಟಿ, ಸಮುದ್ರವನ್ನೂ ದಾಟಿ ನಡೆಯುತ್ತಿವೆ. ನಮ್ಮ ತರುಣರು ವ್ಯಾಸಂಗಕ್ಕೂ ಉದ್ಯೋಗಕ್ಕೂ ಹೊರನಾಡಿಗೆ ಹೋಗಿ ಅಲ್ಲಿಯೇ ಜೀವನಸಂಗಾತಿಯನ್ನು ಕಂಡುಕೊಳ್ಳುವುದು ಈಗ ಸೋಜಿಗದ ಸುದ್ದಿಯಲ್ಲ. ಗಂಡಹೆಂಡಿರ ನಡುವೆ ಸೇತುವೆಯಾಗುವುದು ಸಾಮಾನ್ಯವಾಗಿ ಇಂಗ್ಲಿಷು. ಅದೂ ಒಬ್ಬರಿಗೆ, ಕೆಲವು ಸಲ ಇಬ್ಬರಿಗೂ, ಅರ್ಧಂಬರ್ಧ. ರಜೆಗೆ ಊರಿಗೆ ಬಂದಾಗ ಅತ್ತೆಯ ತುಳು ಬೇರೆ, ನೆರೆಮನೆಯ ಕನ್ನಡ ಬೇರೆ. ನಾಲ್ಕು ಮಂದಿ ನಗುತ್ತಿರುವ ಜಗಲಿಯಲ್ಲಿ ಹೊಸಬಳೊಬ್ಬಳು ಏಕೆ ನಗುತ್ತಿದ್ದಾರೆಂದು ತಿಳಿಯದೆ ತಾನೂ ಮುಗುಳ್ನಗುತ್ತ ಕುಳಿತಿರುವುದನ್ನು ನೋಡಿದವರಿಗೆ, ಇದು ಕೇವಲ ಶಬ್ದಸಂಗ್ರಹದ ಪ್ರಶ್ನೆಯಲ್ಲವೆಂಬುದು ಗೊತ್ತು. ಮಾತು ಬಾರದವರನ್ನು ಮನೆಯವರು ಬೇಗನೆ ಬುದ್ಧಿ ಸಾಲದವರೆಂದೂ, ಅಹಂಕಾರಿಗಳೆಂದೂ ತಿಳಿದುಬಿಡುತ್ತಾರೆ.

ಇಂಥವರಿಗೆ ನೆರವಾಗುವ ಬಗೆ ಯಾವುದು? ನಮ್ಮ ವೃತ್ತಿ ಭೌತಶಾಸ್ತ್ರದ ಬೋಧನೆ, ಭಾಷಾಬೋಧನೆಯಲ್ಲ. ಆದರೂ ಈ ಪ್ರಶ್ನೆಯ ದೊಡ್ಡದೊಂದು ಭಾಗ ಧ್ವನಿಶಾಸ್ತ್ರಕ್ಕೆ ಸೇರಿದುದು. ಭಾಷೆಯನ್ನು ಮೊದಲು ಕಲಿಯಬೇಕಾದದ್ದು ನಾಲಗೆಯಲ್ಲ, ಕಿವಿ.

ಮೊದಲಿಗೆ ಎಲ್ಲರೂ ಮಾಡುವ ಒಂದು ಉಪಚಾರವನ್ನು ನೋಡೋಣ. ಹೊಸಬರಿಗೆ ಮಾತು ತಿಳಿಯಲಿಲ್ಲವೆಂದು ಕಂಡೊಡನೆ ನಮ್ಮವರು ಅದೇ ಮಾತನ್ನು ಗಟ್ಟಿಯಾಗಿ ಹೇಳುವರು. ಆಗಲೂ ತಿಳಿಯದಿದ್ದರೆ ಇನ್ನೂ ಗಟ್ಟಿಯಾಗಿ. ಕಿವುಡರಿಗೆ ಬೇಕಾದದ್ದು ಧ್ವನಿಯ ತೀವ್ರತೆ. ಪರಭಾಷೆಯವರಿಗೆ ಬೇಕಾದದ್ದು ಅದಲ್ಲ. ಅಷ್ಟೇ ಅಲ್ಲ, ಕೂಗಿದಾಗ ದವಡೆ ಹೆಚ್ಚು ತೆರೆಯುವುದರಿಂದ ಸ್ವರಗಳ ರೂಪವೇ ಬದಲಾಗಿ, ಪಾಪ, ಕೇಳುವವರಿಗೆ ಇದ್ದ ತೊಡಕು ಇಮ್ಮಡಿಸುವುದು.

ಸ್ವರಗಳ ರೂಪ ಬದಲಾಗುವುದೆಂದರೇನು? ಕಾಲೇಜಿನ ಪ್ರಯೋಗಶಾಲೆಯಲ್ಲಿ ಅನುರಣನ ನಳಿಗೆಯನ್ನು ಬಳಸಿದ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ತಿಳಿಯುವುದು. ನಮ್ಮ ಗಂಟಲಿನಿಂದ ತುಟಿಯವರೆಗಿನ ದಾರಿ ಒಂದು ಕಡೆ ಮುಚ್ಚಿದ, ಇನ್ನೊಂದು ಕಡೆ ತೆರೆದ ನಳಿಗೆಯಂತೆ. ವಯಸ್ಕ ಗಂಡಸಿನಲ್ಲಿ ಅದರ ಉದ್ದ ಸುಮಾರು 17.5 ಸೆಂಟಿಮೀಟರು. ಬೆಚ್ಚನೆಯ ಉಸಿರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರು. ಅಂಥ ನಳಿಗೆಯ ಮೊದಲನೆಯ ಅನುರಣನದಲ್ಲಿ ತರಂಗದ ಉದ್ದ ನಳಿಗೆಯ ನಾಲ್ಕರಷ್ಟು, ಎಂದರೆ 0.70 ಮೀಟರು, 350ನ್ನು 0.70ರಿಂದ ಭಾಗಿಸಿದರೆ ಸೆಕೆಂಡಿಗೆ 500 ಕಂಪನಗಳು. ಮುಂದಿನವು ಇದರ ಮೂರರಷ್ಟು, ಐದರಷ್ಟು: 1500 ಮತ್ತು 2500. ನಾಲಗೆಯನ್ನು ಎತ್ತಿ ಇಳಿಸಿ, ತುಟಿಯನ್ನು ದುಂಡಗೆ ಮಾಡಿ, ದವಡೆಯನ್ನು ತೆರೆದು ನಾವು ಮಾಡುವ ಕೆಲಸವೆಲ್ಲ ಈ ಮೂರು ಅಂಕಿಗಳನ್ನು ಆಚೆ ಈಚೆ ಸರಿಸುವುದೇ. ‘ಇ’ ಎಂಬುದಕ್ಕೂ ‘ಅ’ ಎಂಬುದಕ್ಕೂ ಇರುವ ಭೇದ ಮುಖ್ಯವಾಗಿ ಮೊದಲೆರಡು ಅನುರಣನಗಳಲ್ಲಿದೆ. ನಾಲಗೆಯ ತುದಿ ಮೇಲಕ್ಕೆ ಹಿಂದಕ್ಕೆ ಬಾಗಿದರೆ ಮೂರನೆಯದು ಕೆಳಗಿಳಿಯುತ್ತದೆ. ‘ಹಾಲು’ ಎಂಬುದು ‘ಹಾಳು’ ಆಗುವುದರಲ್ಲಿ, ‘ಹತ್ತಿ’ ಎಂಬುದು ‘ಹಟ್ಟಿ’ ಆಗುವುದರಲ್ಲಿ ಈ ಮೂರನೆಯ ಅನುರಣನದ ಕೈವಾಡ ದೊಡ್ಡದು.

ಭೌತಶಾಸ್ತ್ರದ ಭಾಗ ಇಲ್ಲಿಗೆ ಮುಗಿಯಲಿಲ್ಲ. ಆದರೆ ಕಥೆಯ ಸ್ವಾರಸ್ಯವಿರುವುದು ಕಿವಿಯ ಹಿಂದಿರುವ ಮಿದುಳಿನಲ್ಲಿ. ಗಾಳಿಯಲ್ಲಿ ಬರುವ ಅಲೆ ಎಲ್ಲರ ಕಿವಿಗೂ ಒಂದೇ. ಅದನ್ನು ವಿಂಗಡಿಸುವ ಬಗೆ ಮಾತ್ರ ಒಬ್ಬೊಬ್ಬರದು ಒಂದೊಂದು. ಕೆನಡಾ ದೇಶದ ವ್ಯಾಂಕೂವರಿನಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮಗೆ ಬಹು ಹತ್ತಿರದ್ದು. ಏಕೆಂದರೆ ಅವರು ಬಳಸಿದ್ದು ನಮ್ಮ ‘ತ’ ಮತ್ತು ‘ಟ’ಗಳಂಥ ಹಿಂದಿಯ ಧ್ವನಿಗಳನ್ನು. ಇಂಗ್ಲಿಷಾಡುವ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಬಹುಪಾಲಿನವು ಈ ಎರಡನ್ನೂ ಬೇರೆಯೆಂದು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಗುರುತಿಸುವ ಕೂಸುಗಳು ಬಹಳ ವಿರಳವಾದವು. ಮಗು ನಡೆಯಲು ಕಲಿಯುವುದಕ್ಕಿಂತ ಮೊದಲೇ ತನ್ನ ಮನೆಗೆ ಬೇಡವಾದ ಭೇದಗಳನ್ನು ಬದಿಗಿಡಲು ಕಲಿಯುತ್ತದೆ! ಇದು ಕೊರತೆಯಲ್ಲ, ಮಿತವ್ಯಯ. ಹತ್ತು ಮಂದಿ ಹತ್ತು ರೀತಿಯಲ್ಲಿ ಹೇಳಿದ ಒಂದೇ ಮಾತನ್ನು ಒಂದೇ ಎಂದು ಹಿಡಿಯಬೇಕಾದರೆ ಉಳಿದುದನ್ನು ಬಿಡಲೇಬೇಕು.

ಹೀಗಾಗಿ ಪ್ರತಿಯೊಂದು ಮಾತೃಭಾಷೆಯೂ ಒಂದೊಂದು ಜರಡಿ. ಒಂದೊಂದರ ತೂತುಗಳೂ ಬೇರೆ ಬೇರೆ ಕಡೆ. ಇಂಗ್ಲಿಷು ಮಾತೃಭಾಷೆಯಾಗಿರುವ ಸೊಸೆ ‘ಲ’ ಮತ್ತು ‘ರ’ಗಳನ್ನು ಕಲಸುವುದಿಲ್ಲ. ಆದರೆ ‘ಕತೆ’ ಮತ್ತು ‘ಕತ್ತೆ’ ಆಕೆಗೆ ಒಂದೇ. ಶಬ್ದದ ನಡುವೆ ವ್ಯಂಜನವನ್ನು ಹಿಡಿದು ನಿಲ್ಲಿಸಿ ಅರ್ಥವನ್ನು ಬದಲಾಯಿಸುವ ಪದ್ಧತಿ ಆ ಭಾಷೆಯಲ್ಲಿಲ್ಲ. ಜಪಾನಿನಿಂದ ಬಂದವಳಾದರೆ ವಿಷಯ ತಿರುಗುಮುರುಗು. ದ್ವಿತ್ವವೂ ದೀರ್ಘಸ್ವರವೂ ಜಪಾನಿಯಲ್ಲಿ ಇರುವುದರಿಂದ ‘ಕತೆ–ಕತ್ತೆ’, ‘ಬಳೆ–ಬಾಳೆ’ಗಳ ಕಾಲಭೇದ ಅವಳಿಗೆ ತಟ್ಟನೆ ಹೊಳೆಯುವುದು, ತೊಡಕಾಗುವುದು ‘ಲ’, ‘ರ’, ‘ಳ’ಗಳಲ್ಲಿ. ಇಂಗ್ಲಿಷಿನ ‘ರೈಟ್’ ಮತ್ತು ‘ಲೈಟ್’ಗಳ ಮುಖ್ಯ ಭೇದವೂ ಮೂರನೆಯ ಅನುರಣನದಲ್ಲಿಯೇ ಇದೆ: ಇಂಗ್ಲಿಷಿನ ‘ರ’ಕಾರದಲ್ಲಿ ಅದು ಸೆಕೆಂಡಿಗೆ 2000 ಕಂಪನಗಳಿಗಿಂತ ಕೆಳಗಿಳಿಯುತ್ತದೆ, ‘ಲ’ಕಾರದಲ್ಲಿ ಮೇಲೆಯೇ ಉಳಿಯುತ್ತದೆ. ಜಪಾನೀಯರ ಕಿವಿ ಇದನ್ನು ಬಿಟ್ಟು ಎರಡನೆಯ ಅನುರಣನಕ್ಕೆ ಹೆಚ್ಚು ಗಮನ ಕೊಡುತ್ತದೆಯೆಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಆಕೆ ಕೇಳುವುದಿಲ್ಲವೆಂದಲ್ಲ, ಬೇರೆ ಕಡೆ ಕೇಳುತ್ತಿದ್ದಾಳೆ.

ಕನ್ನಡಿಗರಾದ ನಮ್ಮ ಜರಡಿಯಲ್ಲಿಯೂ ತೂತುಗಳಿಲ್ಲದಿಲ್ಲ. ತುಳುವಿನಲ್ಲಿ ‘ನಾನು ಹೋಗುತ್ತೇನೆ’ ಎಂಬುದೂ ‘ಅವನು ಹೋಗುತ್ತಾನೆ’ ಎಂಬುದೂ ಕನ್ನಡ ಲಿಪಿಯಲ್ಲಿ ಬರೆದರೆ ‘ಪೋಪೆ’ಯೇ. ಆದರೆ ಮೊದಲನೆಯದರ ಕೊನೆಯ ಎಕಾರ ಬಾಯಿ ಅಗಲಿಸಿ ಆಡುವ, ‘ಬ್ಯಾಟ್’ ಎಂಬಲ್ಲಿಯದನ್ನು ಹೋಲುವ ಸ್ವರ. ಎರಡನೆಯದು ನಮ್ಮ ಸಾಮಾನ್ಯ ಎಕಾರ. ತುಳುವರ ಮನೆಯ ಮಗುವಿಗೆ ಇವೆರಡೂ ಬೇರೆ ಬೇರೆ. ಘಟ್ಟದ ಮೇಲಿನಿಂದ ಬಂದ ಕನ್ನಡದ ಸೊಸೆಗೆ, ಯಾರು ಹೊರಟರೆಂಬುದನ್ನು ಚಪ್ಪಲಿ ನೋಡಿಯೇ ತಿಳಿಯಬೇಕು. ಸ್ವಾರಸ್ಯವೆಂದರೆ, ಇಂಗ್ಲಿಷಿನಲ್ಲಿ ‘ಬೆಟ್’, ‘ಬ್ಯಾಟ್’ಗಳನ್ನು ಬೇರ್ಪಡಿಸಿ ಬೆಳೆದವಳಿಗೆ ಇದು ಅಷ್ಟೊಂದು ಕಷ್ಟವಾಗಬೇಕಾಗಿಲ್ಲ.

ಪುತ್ತೂರಿನಲ್ಲಿಯೇ ನಡೆದ ಒಂದು ನಿದರ್ಶನವನ್ನು ಇಲ್ಲಿ ನೆನೆಯಬೇಕು. ಶಿವರಾಮ ಕಾರಂತರು ಲೀಲಾ ಆಳ್ವ ಅವರನ್ನು ವಿವಾಹವಾದದ್ದು 1936ರ ಮೇ ತಿಂಗಳಲ್ಲಿ. ಲೀಲಾ ಅವರ ಮೊದಲ ವಿದ್ಯಾಭ್ಯಾಸ ಮರಾಠಿಯಲ್ಲಿ ನಡೆದಿತ್ತು. ಮದುವೆಯ ಅನಂತರ ಅವರು ಕನ್ನಡವನ್ನು ಮರಳಿ ಕಲಿತರು. ಕಲಿತುದು ಮನೆಮಾತಿನ ಮಟ್ಟಿಗಲ್ಲ, ಹರಿ ನಾರಾಯಣ ಆಪ್ಟೆಯವರ ‘ಪಣ ಲಕ್ಷಾತ ಕೋಣ ಘೇತೋ’ ಎಂಬ ಮರಾಠಿ ಕಾದಂಬರಿಯನ್ನು ಕನ್ನಡಕ್ಕೆ ತರುವ ಮಟ್ಟಿಗೆ. ಆ ಹೆಸರಿನ ಅರ್ಥ, ‘ಆದರೆ ಗಮನಿಸುವವರು ಯಾರು?’ ಎಂದು. ಮನೆಯೊಳಗಿನ ಹೆಣ್ಣಿನ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆಂಬುದೇ ಆ ಕಾದಂಬರಿಯ ಹುರುಳು. ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ಮುಂದೆ ‘ವಿಜ್ಞಾನ ಪ್ರಪಂಚ’ವನ್ನೂ ಬರೆದ ಲೇಖಕರ ಮನೆಯಲ್ಲಿ ಕನ್ನಡದ ವಾತಾವರಣಕ್ಕೆ ಬರಗಾಲವಿರಲಿಲ್ಲವೆಂಬುದು ನಿಜ. ಕಾರಂತರ ಗೀತನಾಟಕಗಳಲ್ಲಿ ಅವರು ನರ್ತಿಸಿಯೂ ಇದ್ದರು. ಆದರೂ ಆ ಸಾಧನೆಯ ಶ್ರೇಯಸ್ಸು ಕಲಿತವರದೇ. ಧ್ವನಿಯ ದೃಷ್ಟಿಯಿಂದ ಮಾತ್ರ ಅವರ ದಾರಿ ಸ್ವಲ್ಪ ಸಲೀಸಾಗಿತ್ತೆನ್ನಬಹುದು. ಮರಾಠಿಯಲ್ಲಿ ‘ಳ’ಕಾರವಿದೆ, ‘ತ’–‘ಟ’ಗಳ ಭೇದವಿದೆ, ಅಲ್ಪಪ್ರಾಣ ಮಹಾಪ್ರಾಣಗಳಿವೆ. ಕಿವಿಯ ಪಾಠ ಬಹುಪಾಲು ಮುಗಿದೇ ಇತ್ತು. ಸಾಗರದಾಚೆಯಿಂದ ಬರುವವರಿಗೆ ಈ ಅನುಕೂಲವಿಲ್ಲ.

ಹಾಗಾದರೆ ಹನ್ನೆರಡನೆಯ ತಿಂಗಳಿನಲ್ಲಿ ಮುಚ್ಚಿದ ಬಾಗಿಲು ಮೂವತ್ತರಲ್ಲಿ ತೆರೆದೀತೆ? ತೆರೆಯುತ್ತದೆ. ದೊಡ್ಡವರು ಕಲಿಯಲಾರರೆಂಬ ಮಾತಿನಲ್ಲಿ ಉತ್ಪ್ರೇಕ್ಷೆಯೇ ಹೆಚ್ಚು. ನೆದರ್ಲೆಂಡ್ಸಿಗೆ ಬಂದು ಡಚ್ ಭಾಷೆ ಕಲಿಯುತ್ತಿದ್ದ ಇಂಗ್ಲಿಷಿನವರನ್ನು ಕುರಿತು ಸ್ನೋ ಮತ್ತು ಹೂಫ್ನಾಗೆಲ್–ಹೂಲೆ ಎಂಬ ಸಂಶೋಧಕಿಯರು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಮೊದಲು ವೇಗವಾಗಿ ಮುಂದೆ ಹೋದವರು ಪುಟ್ಟ ಮಕ್ಕಳಲ್ಲ. ಹದಿಹರೆಯದವರು ಮತ್ತು ವಯಸ್ಕರು. ಉಚ್ಚಾರಣೆಯ ವಿಷಯಕ್ಕೆ ಬಂದರೆ, ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಮಾಲೆ ತುಂಬ ಬೆಲೆಯುಳ್ಳದ್ದು. ಜಪಾನೀ ವಯಸ್ಕರಿಗೆ ‘ರ’–‘ಲ’ ಭೇದವಿರುವ ಇಂಗ್ಲಿಷು ಶಬ್ದಗಳನ್ನು ಕೇಳಿಸಿ, ಯಾವುದೆಂದು ಕೇಳಿ, ಉತ್ತರ ಸರಿಯೋ ತಪ್ಪೋ ಎಂಬುದನ್ನು ಕೂಡಲೇ ತಿಳಿಸಿದರು. ಕೆಲವು ವಾರಗಳಲ್ಲಿ ಕೇಳ್ಮೆ ಸುಧಾರಿಸಿತು. ಅದಕ್ಕಿಂತಲೂ ಮುಖ್ಯವಾದವು ಮುಂದಿನ ಎರಡು ಸಂಗತಿಗಳು. ಹಲವು ಮಂದಿಯ ಧ್ವನಿಗಳಿಂದ ಕಲಿತವರು ಹಿಂದೆಂದೂ ಕೇಳದ ಹೊಸ ಧ್ವನಿಯಲ್ಲಿಯೂ ಭೇದವನ್ನು ಗುರುತಿಸಿದರು; ಒಬ್ಬರ ಧ್ವನಿಯಿಂದಲೇ ಕಲಿತವರಿಗೆ ಹೊಸ ಧ್ವನಿಯ ಮುಂದೆ ಆ ಪಾಠ ನೆರವಾಗಲಿಲ್ಲ. ಮತ್ತೆ, 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೇಳುವ ಅಭ್ಯಾಸವನ್ನು ಮಾತ್ರ ಮಾಡಿದವರ ಉಚ್ಚಾರಣೆಯೂ ತಾನಾಗಿಯೇ ಉತ್ತಮವಾಯಿತು. ನಾಲಗೆಗೆ ಯಾರೂ ಪಾಠ ಹೇಳಿರಲಿಲ್ಲ!

ಹಲವು ಧ್ವನಿಗಳೇ ಏಕೆ ಬೇಕು? 1952ರಲ್ಲಿ ಬೆಲ್ ಪ್ರಯೋಗಶಾಲೆಯ ಪೀಟರ್ಸನ್ ಮತ್ತು ಬಾರ್ನಿ ಎಂಬವರು 33 ಗಂಡಸರು, 28 ಹೆಂಗಸರು, 15 ಮಕ್ಕಳ ಬಾಯಿಂದ ಇಂಗ್ಲಿಷಿನ ಸ್ವರಗಳನ್ನು ಹೇಳಿಸಿ ಅನುರಣನಗಳನ್ನು ಅಳೆದರು. ಮಗುವಿನ ನಳಿಗೆ ಚಿಕ್ಕದು, ಆದ್ದರಿಂದ ಅಂಕಿಗಳೆಲ್ಲ ಮೇಲೆ. ಗಂಡಸಿನದು ಉದ್ದ, ಅಂಕಿಗಳು ಕೆಳಗೆ. ನಕ್ಷೆಯ ಮೇಲೆ ಗುರುತಿಸಿದಾಗ ಒಬ್ಬರ ಒಂದು ಸ್ವರ ಇನ್ನೊಬ್ಬರ ಬೇರೊಂದು ಸ್ವರದ ಮೇಲೆಯೇ ಬಿದ್ದುದುಂಟು. ಒಂದೇ ಧ್ವನಿಯನ್ನು ಕೇಳಿದವರ ಕಿವಿ ಆ ಮನುಷ್ಯನ ಅಂಕಿಗಳನ್ನು ಕಲಿಯುತ್ತದೆಯೇ ಹೊರತು ಭಾಷೆಯ ಭೇದವನ್ನಲ್ಲ. ಗಂಡನೊಬ್ಬನೇ ಗುರುವಾದ ಮನೆಯಲ್ಲಿ ಆಗುವುದು ಇದೇ. ಹೆಂಡತಿಗೆ ಅವನ ಮಾತು ಚೆನ್ನಾಗಿ ತಿಳಿಯುತ್ತದೆ. ಹಾಲಿನವನ ಮಾತು ತಿಳಿಯುವುದಿಲ್ಲ. ಇದನ್ನು ಕಂಡು ಇಬ್ಬರೂ ಎದೆಗುಂದುತ್ತಾರೆ. ಎದೆಗುಂದುವ ಕಾರಣವೇನೂ ಇಲ್ಲ. ಅತ್ತೆ, ನಾದಿನಿ, ತೋಟದ ಕೆಲಸದವರು, ಬಸ್ಸಿನ ಕಂಡಕ್ಟರು, ಶಾಲೆಯಿಂದ ಬಂದ ಮಕ್ಕಳು — ಇವರೆಲ್ಲರೂ ಪಾಠದ ಭಾಗ.

ಕೆಲವರು ದೂರದರ್ಶನವನ್ನು ಹಚ್ಚಿಟ್ಟು ‘ನೋಡಿ ಕಲಿ’ ಎಂದು ಹೊರಗೆ ಹೋಗುವರು. ಪ್ಯಾಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಸಿಯಾಟಲ್ ನಗರದಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಂಥವರು ತಿಳಿಯಬೇಕು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳೊಡನೆ ಚೀನೀ ಭಾಷೆಯವರು ಹನ್ನೆರಡು ಸಲ ಕುಳಿತು ಆಡಿ, ಪುಸ್ತಕ ಓದಿದರು. ಆ ಕೂಸುಗಳು ಚೀನೀ ಧ್ವನಿಭೇದವೊಂದನ್ನು ತೈವಾನಿನ ಕೂಸುಗಳಿಗೆ ಸಮನಾಗಿ ಗುರುತಿಸಿದವು. ಅದೇ ಜನರ ಅದೇ ಮಾತನ್ನು ಪರದೆಯ ಮೇಲೆ ನೋಡಿದ ಕೂಸುಗಳು ಏನನ್ನೂ ಕಲಿಯಲಿಲ್ಲ. ದೊಡ್ಡವರು ಧ್ವನಿಮುದ್ರಣದಿಂದಲೂ ಕಲಿಯಬಲ್ಲರು, ಆದರೆ ಹಾಗೆ ಕಲಿತವರಿಗೂ ಪ್ರತಿಸಲ ಸರಿತಪ್ಪುಗಳನ್ನು ತಿಳಿಸಲಾಗುತ್ತಿತ್ತೆಂಬುದನ್ನು ಮರೆಯಲಾಗದು. ಉತ್ತರ ಕೊಡದ ಪೆಟ್ಟಿಗೆಯ ಮುಂದೆ ಒಂಟಿಯಾಗಿ ಕುಳಿತ ಸೊಸೆಗೆ ಧಾರಾವಾಹಿಯ ಕಥೆ ತಿಳಿದೀತು, ಮಾತು ಬರಲಾರದು.

ಇನ್ನು ಇಂಗ್ಲಿಷು. ಸಂಗಾತಿಗೆ ಇಂಗ್ಲಿಷು ಕಲಿಸುವ ಭಾರ ನಮ್ಮವರ ಮೇಲೆ ಬಿದ್ದಾಗ ನಾವು ಕಲಿಸುವುದು ನಮ್ಮ ಇಂಗ್ಲಿಷನ್ನೇ. ಇದರಲ್ಲಿ ಅವಮಾನವೇನೂ ಇಲ್ಲ. ಆದರೆ ಅದರ ಗುಣವನ್ನು ತಿಳಿದಿರುವುದು ಲೇಸು. ಒಂದು ಪ್ರಯೋಗ ಮಾಡಿ ನೋಡಿ. ತೆಳುವಾದ ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಇಳಿಬಿಟ್ಟು ‘ಪಾಠ’ ಎನ್ನಿರಿ: ಕಾಗದ ಅಲುಗುವುದು ಅತ್ಯಲ್ಪ. ಇಂಗ್ಲಿಷರೊಬ್ಬರು ‘ಪೆನ್’ ಎಂದಾಗ ಅದೇ ಕಾಗದ ಹಾರುತ್ತದೆ. ತುಟಿ ತೆರೆದ ಕ್ಷಣದಿಂದ ಗಂಟಲಿನ ಕಂಪನ ಆರಂಭವಾಗುವವರೆಗಿನ ಕಾಲವನ್ನು ಲಿಸ್ಕರ್ ಮತ್ತು ಏಬ್ರಮ್ಸನ್ ಎಂಬವರು 1964ರಲ್ಲಿ ಹನ್ನೊಂದು ಭಾಷೆಗಳಲ್ಲಿ ಅಳೆದರು. ತಮಿಳು, ಮರಾಠಿಗಳೂ ಅವುಗಳಲ್ಲಿದ್ದವು. ಶಬ್ದದ ಆದಿಯಲ್ಲಿರುವ ಇಂಗ್ಲಿಷಿನ ‘ಪ’ಕಾರಕ್ಕೆ ಅದು ಸೆಕೆಂಡಿನ ಸಾವಿರದ ಅಂಶಗಳಲ್ಲಿ ಸುಮಾರು 60, ನಮ್ಮ ಅಲ್ಪಪ್ರಾಣದಂಥವುಗಳಿಗೆ ಹತ್ತಿಪ್ಪತ್ತರ ಒಳಗೆ. ಆದ್ದರಿಂದ ನಮ್ಮ ‘ಪೆನ್’ ಇಂಗ್ಲಿಷು ಕಿವಿಗೆ ಕೆಲವು ಸಲ ‘ಬೆನ್’ ಎಂದು ಕೇಳಿಸುವುದು. ಅವರ ‘ಟೀ’ಯಲ್ಲಿ ನಾಲಗೆ ಮುಟ್ಟುವುದು ನಮ್ಮ ‘ತ’ ಮತ್ತು ‘ಟ’ಗಳ ನಡುವಿನ ಜಾಗವನ್ನು, ಹಲ್ಲಿನ ಮೇಲಣ ದಿಬ್ಬವನ್ನು. ‘ವೈನ್’ ಎಂದು ನಾವು ಒಂದೇ ಬಗೆಯಾಗಿ ಬರೆಯುವಲ್ಲಿ ಅವರಿಗೆ ಎರಡು ಶಬ್ದಗಳಿವೆ: ತುಟಿಗಳನ್ನು ದುಂಡಗೆ ಮಾಡಿ ಆಡಿದರೆ ದ್ರಾಕ್ಷಾರಸ, ಕೆಳದುಟಿಗೆ ಹಲ್ಲು ತಾಗಿಸಿ ಆಡಿದರೆ ದ್ರಾಕ್ಷಿಯ ಬಳ್ಳಿ. ಆದುದರಿಂದ ಇಲ್ಲಿಯೂ ಅದೇ ನಿಯಮ: ಸಂಗಾತಿ ನಮ್ಮ ಇಂಗ್ಲಿಷಿನೊಡನೆ ಇತರರ ಇಂಗ್ಲಿಷನ್ನೂ ಕೇಳಬೇಕು. ತಮಿಳರದು, ಬಂಗಾಳಿಗಳದು, ಆಂಗ್ಲರದು, ಎಲ್ಲವೂ ಇರಲಿ.

ಶಬ್ದಗಳ ಸಂಖ್ಯೆಗೆ ಹೆದರಬೇಕಾಗಿಲ್ಲ. ಢಾಕಾದಲ್ಲಿ ಬಹುಕಾಲ ಬೋಧಿಸಿದ ಮೈಕೇಲ್ ವೆಸ್ಟ್ ಎಂಬವರು 1953ರಲ್ಲಿ ಪ್ರಕಟಿಸಿದ ಇಂಗ್ಲಿಷಿನ ಬಳಕೆಯ ಶಬ್ದಪಟ್ಟಿಯಲ್ಲಿರುವವು ಸುಮಾರು 2000 ಶಬ್ದಗಳು ಮಾತ್ರ. ದಿನಬಳಕೆಯ ಮಾತಿನ ಬಹುಭಾಗ ಅಷ್ಟರಲ್ಲಿಯೇ ಅಡಗುತ್ತದೆ. ದಿನಕ್ಕೆ ಆರರಂತೆ ಕಲಿತರೆ ಒಂದು ವರ್ಷದ ಕೆಲಸ.

ನಿಜವಾದ ಅಡ್ಡಿ ಶಬ್ದಗಳಲ್ಲಿಲ್ಲ, ನಮ್ಮ ಸ್ವಭಾವದಲ್ಲಿದೆ. ಹೊಸಬಳು ತಡವರಿಸಿದೊಡನೆ ಗಂಡ ಕನಿಕರದಿಂದ ಅವಳಿಗೆ ಗೊತ್ತಿರುವ ಭಾಷೆಗೆ ಹೊರಳುತ್ತಾನೆ. ಅತ್ತೆಯ ಮಾತನ್ನು ತಾನೇ ಅನುವಾದಿಸುತ್ತಾನೆ. ಪ್ರೀತಿಯ ಕೆಲಸವೇ; ಆದರೆ ಹಾಗೆ ಮಾಡಿದಾಗಲೆಲ್ಲ ಅವಳ ಕಿವಿಗೆ ಸಿಗಬೇಕಾಗಿದ್ದ ಒಂದು ಪಾಠ ತಪ್ಪುತ್ತದೆ. ದಿನದಲ್ಲಿ ಒಂದು ಹೊತ್ತನ್ನು, ಬೆಳಗ್ಗಿನ ಕಾಫಿಯ ಹೊತ್ತೋ ರಾತ್ರಿಯ ಊಟದ ಹೊತ್ತೋ, ಹೊಸ ಭಾಷೆಗೆಂದೇ ಮೀಸಲಿಟ್ಟರೆ ಹೆಚ್ಚು ಫಲವುಂಟು. ತಪ್ಪನ್ನು ಹಿಡಿದು ನಿಲ್ಲಿಸಬಾರದು. ‘ಬಳೆಹಣ್ಣು ತಿಂದೆ’ ಎಂದರೆ, ‘ಹೌದೆ? ಬಾಳೆಹಣ್ಣು ಸಿಹಿಯಾಗಿತ್ತೆ?’ ಎಂದು ಉತ್ತರ ಕೊಟ್ಟರೆ ಸಾಕು. ಸರಿಯಾದ ರೂಪ ಕಿವಿಗೆ ಬಿದ್ದಿರುತ್ತದೆ, ಮಾತೂ ಮುಂದುವರಿದಿರುತ್ತದೆ. ನಗು ಬರುವುದು ಸಹಜ. ನಕ್ಕರೆ ಅವಳೂ ನಗುವಂತಿರಬೇಕು.

ಅಂಥ ಮನೆಯವರಾದ ವಿದ್ಯಾರ್ಥಿಗಳು ಒಂದು ಸಣ್ಣ ಪ್ರಯೋಗವನ್ನು ಕೈಗೊಳ್ಳಬಹುದು. ‘ಹಾಲು–ಹಾಳು’, ‘ಹತ್ತಿ–ಹಟ್ಟಿ’, ‘ಕತೆ–ಕತ್ತೆ’, ‘ಬಳೆ–ಬಾಳೆ’ ಮೊದಲಾದ ಹತ್ತು ಜೋಡಿಗಳನ್ನು ಆರಿಸಿ. ಇಂಗ್ಲಿಷಿಗಾದರೆ ಆ ಭಾಷೆಯ ಹತ್ತು ಜೋಡಿ. ಮನೆಯ, ನೆರೆಯ ಎಂಟು ಹತ್ತು ಮಂದಿಯಿಂದ ಅವುಗಳನ್ನು ಹೇಳಿಸಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಇರಲಿ. ಹೊಸಬರಿಗೆ ದಿನಕ್ಕೆ ಹದಿನೈದು ನಿಮಿಷ ಕ್ರಮ ತಪ್ಪಿಸಿ ಕೇಳಿಸಿ, ಯಾವ ಶಬ್ದವೆಂದು ಕೇಳಿ, ಉತ್ತರ ಬಂದ ಕೂಡಲೇ ಸರಿಯೋ ತಪ್ಪೋ ತಿಳಿಸಿ. ಪ್ರತಿದಿನದ ಸರಿಯುತ್ತರಗಳ ಸಂಖ್ಯೆಯನ್ನು ನಕ್ಷೆಯ ಕಾಗದದ ಮೇಲೆ ಗುರುತಿಸಿ. ಎರಡು ಜನರ ಧ್ವನಿಯನ್ನು ಮಾತ್ರ ಬಚ್ಚಿಟ್ಟು, ಮೂರು ವಾರಗಳಾದ ಮೇಲೆ ಮೊದಲ ಸಲ ಕೇಳಿಸಿ. ನಿಜವಾದ ಪರೀಕ್ಷೆ ಅದೇ. ಆ ಇಬ್ಬರಲ್ಲಿ ಒಬ್ಬರು ಹಲ್ಲು ಬಿದ್ದ ಅಜ್ಜಿಯಾಗಿದ್ದರೆ ಇನ್ನೂ ಒಳ್ಳೆಯದು.